ಸರ್ಗ್‌ನಿಂದ ಮರಳಿದ ಖಲೀಫಾ

ಹಿಜರಿ 18ನೇ ವರ್ಷ ಬರಗಾಲದ ವರ್ಷವೆಂದೇ ಪ್ರಸಿದ್ಧ. ಅದೇ ಅವಧಿಯಲ್ಲಿ ಫೆಲೆಸ್ತೀನಿನ ಅಮ್ವಾಸ್‌ನಿಂದ ಹೊರಟ ಪ್ಲೇಗ್ ಶಾಮ್ ಪ್ರದೇಶವನ್ನೆಲ್ಲ ಆವರಿಸಿತ್ತು. ರಾಷ್ಟ್ರ ಹೊಸದು, ಸೇನೆ ಶಾಮ್‌ನಲ್ಲಿತ್ತು, ರೋಗದ ಕಾರಣ ಯಾರಿಗೂ ತಿಳಿದಿರಲಿಲ್ಲ.

ಶಾಮ್‌ಗೆ ಹೊರಟಿದ್ದ ಹಝ್ರತ್ ಉಮರ್(ರ) ಗಡಿಯ ಸರ್ಗ್ ತಲುಪಿದಾಗ ಸೇನಾಧಿಪತಿ ಅಬೂ ಉಬೈದಾ(ರ) ಮತ್ತಿತರರು ಎದುರುಗೊಂಡು ರೋಗದ ಸುದ್ದಿ ತಿಳಿಸಿದರು. ಖಲೀಫರು ಒಡನೆಯೇ ಆಜ್ಞೆ ಹೊರಡಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆಸಿದರು, ಅವರಲ್ಲಿ ಭಿನ್ನಮತ. ಅನ್ಸಾರರನ್ನು ಕರೆಸಿದರು, ಅವರೂ ಹಾಗೆಯೇ. ಕೊನೆಗೆ ಮಕ್ಕಾ ವಿಜಯದ ಕಾಲದ ಖುರೈಷ್ ಹಿರಿಯರನ್ನು ವಿಚಾರಿಸಿದಾಗ ಎಲ್ಲರೂ ಒಕ್ಕೊರಲಿನಿಂದ ಮರಳಬೇಕೆಂದರು. ಬೆಳಗ್ಗೆ ಹಿಂತಿರುಗುವುದೆಂದು ಉಮರ್(ರ) ಸಾರಿದರು.

ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದರು. ಈ ಮಾತು ಬೇರೆಯವರಿಂದ ಬಂದಿದ್ದರೆ ಚೆನ್ನಾಗಿತ್ತು ಎಂದು ಖಲೀಫರಿಗೆ ಅನಿಸಿತು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯೆಡೆಗೆ ತಾವು ಹೋಗುತ್ತಿರುವುದಾಗಿ ಉತ್ತರಿಸಿದ ಅವರು, ಒಂದು ಬದಿ ಹಸುರು, ಇನ್ನೊಂದು ಬದಿ ಬರಡಾದ ಕಣಿವೆಗೆ ಒಂಟೆ ಇಳಿಸಿದವನ ಉದಾಹರಣೆ ಕೊಟ್ಟರು. ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ?

ಆ ಬಳಿಕವಷ್ಟೇ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗವಿರುವ ನಾಡಿಗೆ ಹೋಗಬಾರದು, ತಾನಿರುವ ನಾಡಿಗೆ ರೋಗ ಬಂದರೆ ಅಲ್ಲಿಂದ ಓಡಿಹೋಗಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹೊರಟರು. ಈ ಕ್ರಮವನ್ನು ನಾವು ಗಮನಿಸಬೇಕು. ಹದೀಸ್ ಕೇಳಿದ್ದರಿಂದಲೇ ಅವರು ಮರಳಿದರೆಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ವಾಸ್ತವದಲ್ಲಿ ತೀರ್ಮಾನ ಸಮಾಲೋಚನೆಯಿಂದಲೇ ಆಗಿತ್ತು. ಹದೀಸ್ ಅದನ್ನು ದೃಢಪಡಿಸಿತು.

ಆ ಹದೀಸಿನ ಇನ್ನರ್ಧ ಅಬೂ ಉಬೈದಾರ(ರ) ಪಾಲಿಗೆ ಬಂತು. ತುರ್ತು ಕಾರ್ಯವಿದೆ, ಕೂಡಲೇ ಬನ್ನಿರೆಂದು ಖಲೀಫರು ಮದೀನಾದಿಂದ ಪತ್ರ ಬರೆದರೆಂದು ತಬರಿ ದಾಖಲಿಸಿದ್ದಾರೆ. ಆ ಕಾರ್ಯವೇನೆಂದು ಅವರು ಅರಿತರು. ಸೈನಿಕರನ್ನು ಬಿಟ್ಟು ತಾನೊಬ್ಬನೇ ಪಾರಾಗಲಾರೆನೆಂದು ಮರುಪತ್ರ ಬರೆದರು. ಅದನ್ನೋದಿ ಉಮರ್(ರ) ಅತ್ತಾಗ ಅಬೂ ಉಬೈದಾ ತೀರಿಕೊಂಡರೇ ಎಂದು ಜನ ಕೇಳಿದರು. ಇಲ್ಲ, ಆದರೆ ಹಾಗೆಯೇ ಎಂಬುದು ಉತ್ತರವಾಗಿತ್ತು. ತಮ್ಮ ನಂತರ ಖಿಲಾಫತ್ತಿಗೆ ಯೋಗ್ಯರೆಂದು ಅವರು ಕಂಡಿದ್ದ ವ್ಯಕ್ತಿ ಅದು. ಆದರೂ ಆಜ್ಞೆ ಮೀರಿದ್ದಕ್ಕೆ ಸಿಟ್ಟಾಗದೆ, ತಗ್ಗಿನ ತೇವದ ನೆಲದಿಂದ ಜನರನ್ನು ಎತ್ತರದ ಜಾಗಕ್ಕೆ ಸಾಗಿಸಲು ಮತ್ತೆ ಬರೆದರು.

ಅಬೂ ಉಬೈದಾ(ರ) ತೀರಿಕೊಂಡರು, ಅವರ ಬಳಿಕ ಮುಆದ್ ಬಿನ್ ಜಬಲ್(ರ) ಕೂಡ. ನಂತರ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ), ಈ ರೋಗ ಬೆಂಕಿಯಂತೆ ಹರಡುತ್ತದೆ, ಬೆಟ್ಟಗಳಿಗೆ ಚದುರಿರಿ ಎಂದರು. ಕೆಲವರು ಬಲವಾಗಿ ವಿರೋಧಿಸಿದರೂ ಜನ ಚದುರಿದರು, ರೋಗ ಇಳಿಯಿತು. ಸುದ್ದಿ ತಿಳಿದ ಉಮರ್(ರ) ಅದನ್ನು ತಪ್ಪೆನ್ನಲಿಲ್ಲ.

ಸತ್ತವರು ಸುಮಾರು 25,000 ಎಂದು ಇತಿಹಾಸಕಾರರು ಬರೆದಿದ್ದಾರೆ. ಮನೆಮನೆಗಳ ವಾರೀಸು ಹಂಚಿಕೆಯೇ ಗೊಂದಲವಾಗಿತ್ತು. ಅದನ್ನು ಬಗೆಹರಿಸಲು ಮತ್ತು ಖಾಲಿಯಾದ ಹೊಣೆಗಳಿಗೆ ಜನರನ್ನು ನೇಮಿಸಲು, ಅಂದು ಸರ್ಗ್‌ನಿಂದ ಹಿಂತಿರುಗಿದ್ದ ಖಲೀಫರು ರೋಗ ಅಡಗಿದ ಮೇಲೆ ತಾವೇ ಶಾಮ್‌ಗೆ ಹೋದರು.