ಬೋರ್ಡಿನಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ

ದಾವಣಗೆರೆ ಅಂದರೆ ನಮ್ಮ ಆಫೀಸಿನವರಿಗೆ ಬೆಣ್ಣೆದೋಸೆ, ಅಷ್ಟೇ. ಲಾಂಗ್ ವೀಕೆಂಡ್ ಸಿಕ್ಕರೆ ಚಿತ್ರದುರ್ಗದ ಕೋಟೆ ಹತ್ತಿಳಿದು ಸೀದಾ ಹಂಪಿಗೆ ಗಾಡಿ ಬಿಡ್ತಾರೆ. ಒಮ್ಮೆ ಚನ್ನಗಿರಿ ಕಡೆ ತಿರುಗಿಸಿ ನೋಡಿ ಅಂತ ನಾನು ಹೇಳುವುದು ಒಂದು ಕೆರೆಗಾಗಿ, ಅದರ ಹೆಸರಿಗಾಗಿ.

ಸರ್ಕಾರಿ ಬೋರ್ಡಿನಲ್ಲಿ ಅದು ಶಾಂತಿಸಾಗರ. ಊರವರ ಬಾಯಲ್ಲಿ ಇವತ್ತಿಗೂ ಸೂಳೆಕೆರೆ. ಹೆಸರು ಕೇಳಿ ಗೆಳೆಯರು ಮುಸಿಮುಸಿ ನಗ್ತಾರೆ. ಕತೆ ಹೇಳಿದ ಮೇಲೆ ಸುಮ್ಮನಾಗ್ತಾರೆ. ಇಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿತ್ತಂತೆ. ದೊರೆ ವಿಕ್ರಮರಾಯ, ಮಗಳು ಶಾಂತವ್ವ. ಅವಳು ಕೆರೆ ಕಟ್ಟಿಸಲು ಹೊರಟಾಗ ಮುಳುಗುವ ಜಾಗದಲ್ಲಿ ಸೂಳೆಯರ ಕೇರಿ ಇತ್ತು. 'ಜಾಗ ಬಿಟ್ಟುಕೊಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು' ಅಂದರಂತೆ ಅವರು. ಈ ಕತೆಗೆ ಬೇರೆ ಪಾಠಗಳೂ ಇವೆ. ನನಗೆ ಒಪ್ಪಿಗೆಯಾಗುವುದು ಇದೇ.

ಕೆರೆಯನ್ನು 12ನೇ ಶತಮಾನದ ಆಸುಪಾಸಿನದು ಅನ್ನುತ್ತಾರೆ. ಹರವು ಸುಮಾರು 6,500 ಎಕರೆ. ಏರಿಯ ಉದ್ದ ಮಾತ್ರ ಸಾವಿರ ಅಡಿಯೂ ಇಲ್ಲ! ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿ ಹುಡುಕಿ, ಹರಿದ್ರಾ ಹಳ್ಳಕ್ಕೆ ಅಲ್ಲೇ ಅಡ್ಡ ಕಟ್ಟಿದ್ದಾರೆ. ಜಾಗ ಸರಿಯಾಗಿ ಆರಿಸಿದರೆ ಕೆಲಸ ಅರ್ಧ ಮುಗಿದಂತೆ. ಕೋಡ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಏಷ್ಯಾದ ಎರಡನೇ ದೊಡ್ಡ ಕೆರೆ ಅನ್ನುವ ಹೆಮ್ಮೆಯೂ ಉಂಟು, ಯಾವ ಅಳತೆಯಲ್ಲಿ ಅಂತ ಮಾತ್ರ ಯಾರೂ ಹೇಳಲ್ಲ.

ಬೆಂಗಳೂರಿನಲ್ಲಿ 1882ರ ಸ್ಯಾಂಕಿ ಕೆರೆಗೆ ಕಟ್ಟಿಸಿದ ಎಂಜಿನಿಯರ್ ಹೆಸರು ಉಳಿದಿದೆ. ಅದಕ್ಕೆ ಯಾರಿಗೂ ಮುಜುಗರವಿಲ್ಲ. ಮನೆ ಮುಳುಗಿಸಿಕೊಂಡವರು ಕೇಳಿ ಪಡೆದ ಹೆಸರಿಗೆ ಮಾತ್ರ ಯಾಕೆ ಮುಜುಗರ? ಶಾಂತವ್ವನ ಹೆಸರು ಇರಲಿ, ಬೇಡ ಅನ್ನಲ್ಲ. ಆದರೆ ಅವಳೇ ಕೊಟ್ಟ ಮಾತನ್ನು ಅವಳ ಹೆಸರಲ್ಲೇ ಮುರಿದಂತಾಗುತ್ತದಲ್ವಾ?

ಇದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ ಇದೆ. ನೀರಿನ ನಡುವೆ ಹಲವು ನೆಲೆಗಳ ವಸಂತ ಮಂಟಪ, ಎದುರಿಗೇ ಮುಸಾಫಿರ್‌ಖಾನೆ. ರಂಗನಾಥನ ಗುಡಿ ಕೆಡವಿ ಅದನ್ನು ಕಟ್ಟಿಸಿದವನು ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಎನ್ನುತ್ತಾರೆ. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕಿತ್ತುಕೊಂಡವನೂ ಇವನೇ. ನಾಯಕ ಸೇಡು ತೀರಿಸಿಕೊಂಡ, ಆ ಕಟ್ಟಡದಲ್ಲಿ ನಮಾಜು ನಡೆಯಲೇ ಇಲ್ಲ ಅನ್ನುವುದು ಊರ ಕತೆ. ಈಗ ಎರಡನ್ನೂ ಪುರಾತತ್ವ ಇಲಾಖೆ ಒಟ್ಟಿಗೆ ಕಾಯುತ್ತಿದೆ. ಸಂಜೆ ಬಿಸಿಲಿಗೆ ಮೆಟ್ಟಿಲ ಮೇಲೆ ಕೂತರೆ ಎದ್ದೇಳಲು ಮನಸ್ಸಾಗದು.

ಹೊನ್ನಾಳಿಯಲ್ಲಿ ತುಂಗಭದ್ರೆ ಸಿಗುತ್ತಾಳೆ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿನಲ್ಲಿ, ಸಿಂದ ಅರಸರು ಆಳಿದ ಬೆಳಗುತ್ತಿಯ ಹತ್ತಿರ ತೀರ್ಥರಾಮೇಶ್ವರದ ಗುಡ್ಡವಿದೆ. ಅಲ್ಲಿನ ಬುಗ್ಗೆ ರಾಮ ಬಾಣ ಹೊಡೆದು ಬರಿಸಿದ್ದು ಅಂತ ನಂಬಿಕೆ.

ಜಗಳೂರಿನದು ಉಲ್ಟಾ ಲೆಕ್ಕ, ಬರದ ಸೀಮೆ. ಸೂಳೆಕೆರೆಯ ಹರಿದ್ರಾ ಹರಿಹರದ ಬಳಿ ತುಂಗಭದ್ರೆ ಸೇರಿದರೆ, ಅದೇ ತುಂಗಭದ್ರೆಯ ನೀರನ್ನು ಮೇಲೆತ್ತಿ ಈ ಕಡೆಯ 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಇಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಯ ಅಭಯಾರಣ್ಯ. ನಾಲ್ಕು ಕೊಂಬಿನ ಪುಟ್ಟ ಪ್ರಾಣಿ, ಮಹಾ ನಾಚಿಕೆಯದು. ಕಾಣಲಿಲ್ಲ ಅಂತ ಬೈದುಕೊಳ್ಳಬೇಡಿ.