ಘಾಟಿ ಹತ್ತಿದ ಮಂಚ, ಮೇಜು, ಬೀರು

ಊಟಿ ಚರಿತ್ರೆ ಅಂದರೆ ಶಾಲೆಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡೋದು ಜಾನ್ ಸಲಿವನ್ ದೊರೆಯ ಹೆಸರು. ಕೊಯಮತ್ತೂರಿನ ಕಲೆಕ್ಟರಾಗಿದ್ದವನು 1819ರಲ್ಲಿ ಬೆಟ್ಟ ಹತ್ತಿ ಬಂದ, 1822ರಲ್ಲಿ ಸ್ಟೋನ್‌ಹೌಸ್ ಕಟ್ಟಿಸೋಕೆ ಕೈಹಾಕಿದ. ಆ ಕಲ್ಲುಬಂಗಲೆ ಈಗಲೂ ಊಟಿಯ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿ ಅದೆ. ಅಲ್ಲಿಂದಾಚೆಗೆ ಬಂಗಲೆ ಮೇಲೆ ಬಂಗಲೆ ಎದ್ದವು. ಯಾವ ಬಂಗಲೆ ಯಾರದ್ದು, ಯಾವ ದೊರೆ ಎಷ್ಟು ವರ್ಷ ಇದ್ದ ಅನ್ನೋದೆಲ್ಲ ಪುಸ್ತಕದಲ್ಲಿ ಸಿಕ್ತದೆ. ಆ ಬಂಗಲೆಯೊಳಗೆ ಹಾಕಿದ ಮಂಚ, ಮೇಜು, ಆಳೆತ್ತರದ ಕನ್ನಡಿ, ಗಡಿಯಾರ ಇವನ್ನೆಲ್ಲ ಏಳು ಸಾವಿರ ಅಡಿ ಮೇಲಕ್ಕೆ ತಂದು ಮನೆಯೊಳಕ್ಕೆ ಇಳಿಸಿದವರು ಯಾರು ಅಂತ ಕೇಳಿದರೆ ಪುಸ್ತಕ ಬಾಯಿ ಬಿಡೋದಿಲ್ಲ. ನಾನು ಬರೀತಿರೋದು ಅವರ ಮಾತು.

ನಾನು ಮಸಿನಗುಡಿ ಕಡೆಯ ರೈತ. ಏಳನೇ ಕ್ಲಾಸು ಓದಿದವನು. ಮಾದಪ್ಪನ ಪದ ಹಾಡ್ತೀನಿ. ನಮ್ಮ ತಾತ ಸ್ವಂತ ಎತ್ತು, ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆದವರು. ನಮ್ಮಪ್ಪನೂ ಹಂಗೇ. ಈಗ ನಮ್ಮಣ್ಣನ ಮಗ ಸಣ್ಣ ಲಾರಿ ಇಟ್ಟವ್ನೆ, ಮನೆ ಸಾಮಾನು ಹೊಡೀತಾನೆ. ಮೂರು ತಲೆಮಾರಿನ ಕೆಲಸವನ್ನು ಹತ್ತಿರದಿಂದ ಕಂಡಿದೀನಿ ಅನ್ನೋ ಧೈರ್ಯದ ಮೇಲೆ ಬರೀತೀನಿ. ಅಕ್ಷರ ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಿಕೊಳ್ಳಲಿ.

ಗಾಡಿ ರಸ್ತೆ ಆಗೋಕೆ ಮುಂಚೆ ಈ ಸೀಮೆಯಲ್ಲೆಲ್ಲ ಹೇರೆತ್ತಿನ ಕಾಲ. ಲಂಬಾಣಿಗಳು ನೂರಾರು ಎತ್ತಿನ ಬೆನ್ನಿಗೆ ಕಂಠಾಳ ಹಾಕಿ ಉಪ್ಪು, ದವಸ ತಿರುಗಿಸ್ತಿದ್ರು. ಟಿಪ್ಪು ಸುಲ್ತಾನನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ 1791ರಲ್ಲಿ ಅನ್ನ ಹುಟ್ಟಿಸಿದ್ದೂ ಅವರ ಎತ್ತುಗಳೇ. ಎತ್ತು ಅವರದೇ, ನಷ್ಟವೂ ಅವರದೇ. ಆದರೆ ಹೇರೆತ್ತಿನ ಮೇಲೆ ದವಸ ಹೋಗ್ತದೆ, ಮಂಚ ಹೋಗೋದಿಲ್ಲ. ಕಂಠಾಳ ಅಂದರೆ ಬೆನ್ನಿನ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಸಮತೂಕ ಬೀಳಬೇಕು. ಮೇಜನ್ನ ಎರಡು ಹೋಳು ಮಾಡೋಕೆ ಆಗ್ತದಾ? ಅದಕ್ಕೇ ಮೊದಲ ಕಾಲದಲ್ಲಿ ಅಂಥ ಸಾಮಾನು ಹತ್ತಿದ್ದು ಮನುಷ್ಯರ ತಲೆ ಮೇಲೆ, ಇಲ್ಲವೇ ಅಡ್ಡೆ ಕಟ್ಟಿ ಹೆಗಲ ಮೇಲೆ. ಸಾಮಾನೇನು, ದೊರೆಗಳೇ ಹೆಗಲ ಮೇಲೆ ಬತ್ತಿದ್ರು. ನಮ್ಮ ದೇಶಕ್ಕೆ ಇಂಗ್ಲಿಷ್ ಓದು ತಂದವನು ಅಂತ ಹೆಸರಾದ ಮೆಕಾಲೆ 1834ರಲ್ಲಿ ಮೈಸೂರು ಮೇಲೆ ಊಟಿಗೆ ಬಂದಿದ್ದು ಪಲ್ಲಕ್ಕಿಯಲ್ಲಿ, ಬೋವಿಗಳ ಹೆಗಲೇರಿ.

1830ರ ದಶಕದಲ್ಲಿ ಸೀಗೂರು ಘಾಟಿಯ ದಾರಿ ಆಯ್ತು. ಇವತ್ತು ಕಲ್ಹಟ್ಟಿ ರಸ್ತೆ ಅಂತೀವಲ್ಲ, ಮೂವತ್ತಾರು ತಿರುವಿನದು, ಆ ಕಡೆಯದೇ. ಮೈಸೂರು ಸೀಮೆಯಿಂದ ಊಟಿಗೆ ಹತ್ತಿರದ ದಾರಿ ಇದು, ಹತ್ತಿರ ಆದಷ್ಟೂ ಕಡಿದು. ಗೂಡಲೂರಿನ ಮೇಲೆ ಸುತ್ತಿಕೊಂಡು ಹೋದರೆ ದೂರ ಜಾಸ್ತಿ, ಆದರೆ ಏರು ಮೆತ್ತಗೆ. ಎತ್ತಿನ ಉಸಿರು ಉಳಿಸೋದಾ, ದಿನ ಉಳಿಸೋದಾ, ಇದು ಗಾಡಿಯವನ ಲೆಕ್ಕ. ಈಗ ಎತ್ತಿನ ಜಾಗದಲ್ಲಿ ಡೀಸೆಲ್ ಅಂತ ಓದಿಕೊಳ್ಳಿ, ಲೆಕ್ಕ ಅದೇ.

ತಾತ ಹೇಳ್ತಿದ್ದ ಕ್ರಮ ಹಿಂಗದೆ. ಮೊದಲು ಹುಲ್ಲು. ಗಾಡಿ ತಳಕ್ಕೆ ಮೊಣಕಾಲುದ್ದ ಒಣಹುಲ್ಲು ಹಾಸಬೇಕು. ಭಾರದ ಸಾಮಾನು ಅಚ್ಚಿನ ಮೇಲೆ ಸರಿಯಾಗಿ ಕೂರಬೇಕು. ಹಿಂದಕ್ಕೆ ಜಾಸ್ತಿ ಆದರೆ ಏರಿನಲ್ಲಿ ಮೂಕಿ ಮೇಲಕ್ಕೆ ಎದ್ದು ಎತ್ತಿನ ಕೊರಳು ಬಿಗೀತದೆ, ಮುಂದಕ್ಕೆ ಜಾಸ್ತಿ ಆದರೆ ಹೆಗಲು ಹುಣ್ಣಾಗ್ತದೆ. ಕನ್ನಡಿ ಯಾವತ್ತೂ ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಿ ಎರಡು ಕಡೆಗೂ ಹಾಸಿಗೆ ಕೊಡಬೇಕು. ಘಾಟಿ ಬುಡದಲ್ಲಿ ಇನ್ನೊಂದು ಜೋಡಿ ಎತ್ತು ಮುಂದಕ್ಕೆ ಕಟ್ಟಬೇಕು. ಹಿಂದೆ ಒಬ್ಬ ಹುಡುಗ ಕಲ್ಲು ಹಿಡಿದು ನಡೀಬೇಕು, ಎತ್ತು ನಿಂತ ತಕ್ಷಣ ಗಾಲಿಗೆ ಕಲ್ಲು ಕೊಡಬೇಕು. ಆ ಹುಡುಗನ ಕೆಲಸ ನಾನೂ ಅಪ್ಪನ ಗಾಡಿಗೆ ಮಾಡಿದೀನಿ, ಘಾಟಿಯಲ್ಲಿ ಅಲ್ಲ, ನಮ್ಮ ಹಳ್ಳಿ ದಿಣ್ಣೆಗಳಲ್ಲಿ. ಗಾಲಿ ಹಿಂದೆ ಕೈ ಇಡೋವಾಗ ಎದೆ ಡವಗುಟ್ಟೋದು ಇವತ್ತಿಗೂ ನೆನಪದೆ. ಬೆಟ್ಟದ ಬುಡದಲ್ಲಿ ರಾತ್ರಿ ಉಳಿಯೋಕೆ ಯಾರಿಗೂ ಮನಸ್ಸಿಲ್ಲ. ಆನೆ ಭಯಕ್ಕಿಂತ ಕಾಡುಜ್ವರದ ಭಯ ದೊಡ್ಡದು.

ಭಾರ ಅಂದರೆ ಎಂಥ ಭಾರ ಅಂತ ಗೊತ್ತಾಗೋಕೆ ಒಂದು ಮೇಜಿನ ಮಾತು ಹೇಳ್ತೀನಿ. ಸ್ನೂಕರ್ ಅನ್ನೋ ಆಟದ ನಿಯಮಗಳನ್ನ ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ, 1882ರಲ್ಲಿ. ಇದನ್ನ ಊಟಿಯವರು ಹೆಮ್ಮೆಯಿಂದ ಹೇಳ್ತಾರೆ. ಆ ಆಟಕ್ಕೆ ಬೇಕಾದ ಮೇಜು ಹನ್ನೆರಡು ಅಡಿ ಉದ್ದ, ಆರಡಿ ಅಗಲ. ಹಸಿರು ಬಟ್ಟೆಯ ಕೆಳಗಿರೋದು ಮರ ಅಲ್ಲ, ಐದು ಕಲ್ಲಿನ ಚಪ್ಪಡಿ! ಒಂದೊಂದು ಚಪ್ಪಡಿ ಎತ್ತೋಕೆ ನಾಲ್ಕಾಳು ಬೇಕು. ಕೂನೂರಿಗೇ ರೈಲು ಬಂದಿದ್ದು 1899ರಲ್ಲಿ. ಅಂದಮೇಲೆ ಆ ಚಪ್ಪಡಿಗಳು ಎತ್ತಿನ ಬಲದಲ್ಲಿ, ಆಳಿನ ಬಲದಲ್ಲಿ ಘಾಟಿ ಹತ್ತಿದವು. ಆಟದ ನಿಯಮ ಬರೆದವನ ಹೆಸರು ಉಳೀತು. ಒಂದು ಚಪ್ಪಡಿಯೂ ಸೀಳದ ಹಾಗೆ ತಂದವನ ಹೆಸರು ಉಳೀಲಿಲ್ಲ.

ಸೀಳಿದ್ದರೆ? ಸ್ವಂತ ಗಾಡಿಯವನ ಎದೆಯಲ್ಲಿ ಯಾವಾಗಲೂ ಕುಟ್ಟೋ ಪ್ರಶ್ನೆ ಇದೇ. ನಮ್ಮ ವಾಚನಾಲಯಕ್ಕೆ ಬರೋ ಮೇಷ್ಟ್ರೊಬ್ಬರು ಒಂದು ಕಾಯಿದೆ ಓದಿ ಹೇಳಿದ್ರು. ಬ್ರಿಟಿಷರು 1865ರಲ್ಲೇ ಸಾಗಣೆದಾರರ ಕಾಯಿದೆ ಅಂತ ಮಾಡಿದ್ರಂತೆ. ಬಾಡಿಗೆಗೆ ಎಲ್ಲರ ಸಾಮಾನು ಹೊರೋನು ನಷ್ಟಕ್ಕೆ ಜವಾಬ್ದಾರ ಅನ್ನೋದೇ ಅದರ ಮೂಲ. ಆದರೆ ಗಾಜು, ಪಿಂಗಾಣಿ, ಗಡಿಯಾರ, ಚಿತ್ರಪಟ, ದಂತ, ಗಂಧದ ಮರದ ಸಾಮಾನು ಇಂಥವು ನೂರು ರೂಪಾಯಿಗಿಂತ ಜಾಸ್ತಿ ಬೆಲೆ ಬಾಳೋದಾದರೆ, ಮಾಲೀಕ ಮೊದಲೇ ಬಾಯಿ ಬಿಟ್ಟು ಬೆಲೆ ಹೇಳಿರಬೇಕು. ಹೇಳದೆ ಕೊಟ್ಟು ಕಳೆದುಹೋಯ್ತು, ಒಡೆದುಹೋಯ್ತು ಅಂದರೆ ಹೊತ್ತವನ ಮೇಲೆ ಹಾಕೋ ಹಾಗಿಲ್ಲ. ಇಂಥದ್ದೊಂದು ಮಾತು ಕಾಯಿದೆಯಲ್ಲಿ ಇತ್ತು ಅಂತ ನಮ್ಮ ತಾತನಿಗೆ ಯಾರು ಹೇಳಬೇಕು? ಒಡೆದರೆ ಬಾಡಿಗೆ ಇಲ್ಲ ಅಂತಿದ್ರು, ಇವರು ಕೈಮುಗಿದು ಬತ್ತಿದ್ರು. ಆಮೇಲೆ ಆ ಕಾಯಿದೆ ಹೋಗಿ 2007ರ ಹೊಸ ಕಾಯಿದೆ ಬಂತು. ಸಣ್ಣ ಗಾಡಿಯವರಲ್ಲಿ ಎಷ್ಟು ಜನ ಅದನ್ನ ಓದವ್ರೆ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಕೇಳಿದೆ. ಎಲ್ಲರೂ ನಕ್ಕರು.

1908ರಲ್ಲಿ ರೈಲು ಊಟಿಗೇ ಬಂತು. ಹಲ್ಲಿನ ಕಂಬಿ ಹಿಡಿದು ಏರೋ ರೈಲು. ಕೂನೂರು ಘಾಟಿಯ ಗಾಡಿಯವರಿಗೆ ದೊಡ್ಡ ಪೆಟ್ಟು. ನಮ್ಮ ಕಡೆಗೆ ಹಂಗಾಗಲಿಲ್ಲ. ಮೈಸೂರಿನ ರೈಲು ನಂಜನಗೂಡು, ಚಾಮರಾಜನಗರ ಅಂತ ಆ ಕಡೆಗೇ ಹೋಯ್ತು, ಗುಂಡ್ಲುಪೇಟೆಗೆ ಇವತ್ತಿಗೂ ಕಂಬಿ ಇಲ್ಲ. ಮೇಲಾಗಿ ರೈಲು ಸ್ಟೇಷನ್ನಿಗೆ ಬತ್ತದೆ, ಮನೆ ಬಾಗಿಲಿಗೆ ಬತ್ತದಾ? ಸ್ಟೇಷನ್ನಿಂದ ಬಂಗಲೆ ದಿಬ್ಬ ಹತ್ತಿಸೋಕೆ ಮತ್ತೆ ಗಾಡಿಯೇ ಬೇಕು.

ಆಮೇಲೆ ಲಾರಿ. ಮೋಯಾರ್ ವಿದ್ಯುತ್ ಕೇಂದ್ರ 1952ರಲ್ಲಿ ಆಯ್ತು, 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಶುರುವಾಯ್ತು. ಕ್ವಾರ್ಟರ್ಸುಗಳು ತುಂಬಿದವು. ಒಂದೊಂದು ಸಂಸಾರ ಬಂದಾಗಲೂ ಒಂದು ಲೋಡು, ವರ್ಗ ಆಗಿ ಹೋದಾಗ ಇನ್ನೊಂದು ಲೋಡು. ಆದರೆ ಲಾರಿ ಸಾಹುಕಾರನದು, ಓಡಿಸೋನು ಸಂಬಳದವನು. ಸ್ವಂತ ಎತ್ತಿನವನು ಅಲ್ಲಿಗೆ ಹಿಂದೆ ಬಿದ್ದ. ಅಪ್ಪ ಎತ್ತು ಮಾರಿದ ದಿನ ಮನೇಲಿ ಯಾರೂ ಊಟ ಮಾಡಲಿಲ್ಲ.

ಅವನು ಮತ್ತೆ ಎದ್ದಿದ್ದು 2005ರಲ್ಲಿ ಟಾಟಾ ಏಸ್ ಬಂದಮೇಲೆ. ಚೋಟಾ ಹಾಥಿ ಅಂತಾರೆ ಅದನ್ನ. ನಿಜವಾದ ಹಾಥಿ ಅಡ್ಡ ನಿಲ್ಲೋ ರಸ್ತೆಯಲ್ಲಿ ಆ ಹೆಸರು ಕೇಳಿ ನಮ್ಮೂರ ಮುದುಕರು ನಕ್ಕಿದ್ದೇ ನಕ್ಕಿದ್ದು. ಮುಕ್ಕಾಲು ಟನ್ನು ಹೊರ್ತದೆ, ಲಾರಿ ಹೋಗದ ಸಂದಿಗೆ ಹೋಗ್ತದೆ. ಸಾಲ ಮಾಡಿ ಒಂದು ತಗಂಡರೆ ಓಡಿಸೋನೇ ಮಾಲೀಕ, ಅವನೇ ಕೂಲಿ, ಅವನೇ ಕ್ಲೀನರು. ನಮ್ಮಣ್ಣನ ಮಗನ ಗಾಡಿಗೆ ಜಾಸ್ತಿ ಬರೋದು ಮದುವೆ ಲೋಡು. ತಮಿಳಿನಲ್ಲಿ ಸೀರು ಅಂತಾರೆ: ಬೀರು, ಮಂಚ, ಹಾಸಿಗೆ, ಡ್ರೆಸ್ಸಿಂಗ್ ಟೇಬಲ್ಲು, ಈಚೆಗೆ ಸೋಫಾ ಸೆಟ್ಟು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದದೆ. ಬೀರು ಮಾತ್ರ ನಿಂತಿಲ್ಲ. ಹೆಣ್ಣಿನ ಅಪ್ಪ ಗಾಡಿ ಹಿಂದೆಯೇ ಬೈಕಿನಲ್ಲಿ ಬತ್ತಾನೆ, ಬೀರಿನ ಕನ್ನಡಿಗೆ ಏನಾದರೂ ಆದೀತೇನೋ ಅಂತ. ಆ ಮನುಷ್ಯನ ಸಾಲ ಮುಂದೆ ಗಾಡಿಯಲ್ಲಿ, ನಮ್ಮ ಹುಡುಗನ ಸಾಲ ಕೆಳಗೆ ಚಕ್ರದಲ್ಲಿ. ಒಂದು ಸಲ ಕನ್ನಡಿ ಸೀಳಿ ಬಾಡಿಗೆ ಪೂರಾ ಹೋಯ್ತು. ಹೆಣ್ಣಿನ ಕಡೆಯವರು ಅಪಶಕುನ ಅಂತ ಅತ್ತರು, ಆ ಅಳು ನೋಡಿ ಇವನು ಕಾಸು ಕೇಳದೆ ಬಂದ.

ಹೋಗೋ ಬಾಡಿಗೆ ಒಂದೇ ನೆಚ್ಚಿಕೊಂಡರೆ ಹೊಟ್ಟೆ ತುಂಬೋದಿಲ್ಲ. ಬರೋವಾಗ ಖಾಲಿ ಬಂದರೆ ಡೀಸೆಲ್ಲು ತಿಂದುಹಾಕ್ತದೆ. ತಾತ ಸಾಮಾನು ಇಳಿಸಿ ಆಲೂಗೆಡ್ಡೆ ತುಂಬಿಕೊಂಡು ಇಳೀತಿದ್ರು. ಹುಡುಗ ಕ್ಯಾರೆಟ್ಟು, ಬೀಟ್‌ರೂಟು ಹುಡುಕ್ತಾನೆ. ಗುಂಡ್ಲುಪೇಟೆ ಕಡೆಯಿಂದ ಬತ್ತಾ ತಡವಾದರೆ ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆಗೀತಾರೆ, 2009ರಿಂದ ಹಂಗೆ. ಚಕ್ರಕ್ಕೆ ಸಿಕ್ಕ ಜಿಂಕೆಗಳನ್ನ ಕಣ್ಣಾರೆ ಕಂಡ ನಾನು ಆ ನಿಯಮ ಸರಿ ಅಂತಲೇ ಹೇಳ್ತೀನಿ. ಸೋಫಾ ಮೇಲೆ ಟಾರ್ಪಾಲು ಹೊದಿಸಿ ರಾತ್ರಿಯೆಲ್ಲ ಸೀಟಿನಲ್ಲಿ ಮುದುರಿಕೊಳ್ಳೋ ಹುಡುಗನಿಗೆ ಅದನ್ನ ಹೇಳೋಕೆ ಬಾಯಿ ಬರೋದಿಲ್ಲ. ಕಲ್ಹಟ್ಟಿಯಲ್ಲಿ ಹೊರಗಿನ ಗಾಡಿಗಳು ಇಳಿಯೋ ಹಾಗಿಲ್ಲ, ಅಷ್ಟು ಅಪಘಾತ ಆದವು. ನಮ್ಮ ಟಿಎನ್ 43ನೇ ನಂಬರಿನವರಿಗೆ ಬಿಡ್ತಾರೆ.

ಈಗ ಈಗ ಹೊಸ ಲೋಡೊಂದು ಶುರುವಾಗದೆ. ಊಟಿಯ ಹಳೇ ಬಂಗಲೆಗಳು ಮಾರಾಟ ಆಗ್ತವೆ, ಒಡೆದು ಕಾಟೇಜು ಕಟ್ತಾರೆ. ಒಳಗಿದ್ದ ಬೀಟೆ ಮರದ ಮಂಚ, ಕಬೋರ್ಡು, ಊಟದ ಮೇಜು ಪಟ್ಟಣದ ವ್ಯಾಪಾರಿಗಳಿಗೆ ಹೋಗ್ತವೆ. ಮೇಲಕ್ಕೆ ಬಂದ ಸಾಮಾನೆಲ್ಲ ಕೆಳಕ್ಕೆ. ಹೋದ ತಿಂಗಳು ನಮ್ಮ ಹುಡುಗ ಅಂಥದ್ದೊಂದು ಮೇಜು ಹೇರಿಕೊಂಡು ಮೈಸೂರಿಗೆ ಹೋಗೋ ದಾರೀಲಿ ಮನೆ ಮುಂದೆ ನಿಲ್ಲಿಸಿದ್ದ. ಹತ್ತಿ ನೋಡಿದೆ. ಕಾಲಿನ ಒಳಮೈಗೆ ಹಗ್ಗ ಬಿಗಿದ ಹಳೇ ಗುರುತು, ಬೆರಳು ಹೋಗೋಷ್ಟು ಸವೆದಿತ್ತು. ಹುಡುಗ ಅದೇ ಜಾಗಕ್ಕೆ ನೈಲಾನ್ ಹಗ್ಗ ಬಿಗಿದಿದ್ದ. ಕೆಳಗೆ ಹುಲ್ಲು ಹಾಕಿದೀಯಾ ಅಂತ ಕೇಳಿದೆ. ಥರ್ಮಾಕೋಲು ಹಾಕಿದೀನಿ ಚಿಕ್ಕಪ್ಪ ಅಂದು, ಗೇಟು ಮುಚ್ಚೋಕೆ ಮುಂಚೆ ಬಂಡೀಪುರ ದಾಟಬೇಕು ಅಂತ ಗಾಡಿ ಸ್ಟಾರ್ಟು ಮಾಡಿದ.