ಗದಾಪರ್ವದ ಮುಂದೆ

ಬೆಳಗಾವಿಯ ಆಟೋ ನಗರದಲ್ಲಿ ಲಾರಿಯನ್ನೋ ಮೋಟಾರನ್ನೋ ದುರಸ್ತಿಗೆ ಬಿಟ್ಟು ಕಾಯುತ್ತ ಕುಳಿತವರಿಗೆ ಹೊತ್ತು ಕಳೆಯುವ ದಾರಿ ಒಂದೇ: ಮಾತು. ಅಲ್ಲಿ ಒಮ್ಮೆ ಚಹ ಕುಡಿಯುತ್ತ ನಿಂತಿದ್ದ ನಾಲ್ಕಾರು ಮಂದಿ ‘ಬಾಹುಬಲಿ’ ಚಿತ್ರದ ವಿಷಯವಾಗಿ ವಾದಿಸುತ್ತಿದ್ದುದು ಕಿವಿಗೆ ಬಿತ್ತು. 2015ರಲ್ಲಿ ಬಂದ ಮೊದಲ ಭಾಗ ಒಂದು ದೊಡ್ಡ ಪ್ರಶ್ನೆಯನ್ನು ಬಿಟ್ಟು ನಿಂತಿತ್ತು. ಉತ್ತರ ಹೇಳುವ ಎರಡನೆಯ ಭಾಗಕ್ಕೆ ಜನ 2017ರವರೆಗೆ ಕಾದಿದ್ದರು. “ಏನಽ ಅನ್ರಿ, ಮೊದಲನೇದರ ಹಂಗ ಆಗಲಿಲ್ಲ ಬಿಡ್ರಿ” ಎಂದು ಒಬ್ಬರ ತೀರ್ಪು. “ಹಂಗಂದ್ರ ಹೆಂಗ ಮಾರಾಯ? ಕಥಿ ಮುಗೀಬೇಕಲ್ಲೋ” ಎಂದು ಇನ್ನೊಬ್ಬರ ಸಮಾಧಾನ.

ವಾಚಕರೆ, ಈ ವಾದ ಸಿನೆಮಾದಿಂದ ಹುಟ್ಟಿದ್ದೆಂದು ನೀವು ಭಾವಿಸಬೇಡಿ. ಕನ್ನಡಿಗರು ಇದೇ ವಾದವನ್ನು ಬಹು ಹಿಂದೆಯೇ ಮಾಡಿ, ತೀರ್ಪನ್ನೂ ಕೊಟ್ಟು ಆಗಿದೆ. ಆ ತೀರ್ಪಿನಿಂದ ಒಬ್ಬ ಕವಿ ಮನೆಮನೆಯ ಮಾತಾದ. ಇನ್ನೊಬ್ಬ ಕವಿ ಮೂಲೆಗೆ ಸೇರಿದ. ಅವರಿಬ್ಬರ ಕಥೆಯನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಗದುಗಿನ ಕುಮಾರವ್ಯಾಸನ ಭಾರತವನ್ನು ನೀವು ಬಲ್ಲಿರಿ. ಪುಸ್ತಕ ಬಿಡಿಸಿ ಓದದಿದ್ದರೂ ರೇಡಿಯೋದ ಗಮಕ ವಾಚನದಲ್ಲಾದರೂ ಕೇಳಿರುತ್ತೀರಿ. ಕೋಳಿವಾಡದ ನಾರಣಪ್ಪ ವೀರನಾರಾಯಣನ ಗುಡಿಯ ಕಂಬದ ಮಗ್ಗುಲಲ್ಲಿ, ಮಿಂದುಟ್ಟ ಒದ್ದೆ ಬಟ್ಟೆ ಆರುವವರೆಗೆ ಕುಳಿತು ಹಾಡಿದನೆಂದು ಜನ ಹೇಳುತ್ತಾರೆ. 15ನೆಯ ಶತಮಾನದ ಆ ಕಾವ್ಯದಲ್ಲಿ ಎಂಟು ಸಾವಿರಕ್ಕೂ ಮೀರಿದ ಭಾಮಿನೀ ಷಟ್ಪದಿಗಳಿವೆ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನಾದ್ದರಿಂದ ತಾನು ಆ ಕಡೆಗೆ ಹೋಗಲಿಲ್ಲವೆಂದು ಕವಿ ಮೊದಲಿಗೇ ಹೇಳಿಕೊಳ್ಳುತ್ತಾನೆ. ಒಂದೇ ಕಥೆಯನ್ನು ಮತ್ತೆ ಮತ್ತೆ ಹೊಸೆಯುವವರನ್ನು ಕಂಡರೆ ಬೇಸರ ಪಡುವುದೂ ಇಂದಿನದಲ್ಲವೆಂದಾಯಿತು.

ಆದರೆ ಕುಮಾರವ್ಯಾಸ ಭಾರತವನ್ನು ಪೂರ್ತಿ ಹೇಳಲಿಲ್ಲ. ಆದಿಪರ್ವದಿಂದ ಗದಾಪರ್ವದವರೆಗೆ ಹತ್ತೇ ಪರ್ವ. ದುರ್ಯೋಧನ ಬಿದ್ದ, ಅಶ್ವತ್ಥಾಮ ಇರುಳಿನಲ್ಲಿ ಪಾಂಡವರ ಮಕ್ಕಳನ್ನು ಕೊಂದ, ಕುರುಡು ದೊರೆ ಭೀಮನೆಂದು ಲೋಹದ ಬೊಂಬೆಯನ್ನು ಅಪ್ಪಿದ, ಕಡೆಗೆ ಧರ್ಮರಾಯನಿಗೆ ಪಟ್ಟವಾಯಿತು, ಅಲ್ಲಿಗೆ ಮಂಗಳ. ಭೀಷ್ಮನ ಬೋಧೆ, ವೃದ್ಧರ ವನವಾಸ, ಯಾದವರ ನಾಶ, ಹಿಮಾಲಯದ ಕಡೆಯ ನಡಿಗೆ, ಇವೊಂದೂ ಇಲ್ಲ.

ಏಕೆ ನಿಲ್ಲಿಸಿದ? ಜನ ಅದಕ್ಕೊಂದು ಕಥೆಯನ್ನೇ ಕಟ್ಟಿದರು. ಚಿರಂಜೀವಿಯಾದ ಅಶ್ವತ್ಥಾಮನೇ ಬ್ರಾಹ್ಮಣನ ವೇಷದಲ್ಲಿ ಬಂದು, ತಾನು ಕಣ್ಣಾರೆ ಕಂಡ ಭಾರತವನ್ನು ನಾರಣಪ್ಪನಿಗೆ ಹೇಳುತ್ತಿದ್ದನಂತೆ. ಯಾರಿಗೂ ಈ ಗುಟ್ಟು ತಿಳಿಯಕೂಡದೆಂಬ ಕರಾರು. ದುರ್ಯೋಧನನ ಸಾವಿನ ಕಥೆ ಬಂದಾಗ ಕವಿ ತಡೆಯಲಾರದೆ ಹೆಂಡತಿಗೆ ಬಾಯಿ ಬಿಟ್ಟ, ಹೇಳುವವನು ಮಾಯವಾದ, ಕಾವ್ಯ ನಿಂತಿತು. ಇದು ನಡೆದದ್ದೆಂದು ನಾನು ಹೇಳುತ್ತಿಲ್ಲ. ಕೇಳುವವರಿಗೆ ಆ ನಿಲುಗಡೆ ಎಷ್ಟು ಚುಚ್ಚಿತ್ತೆಂಬುದಕ್ಕೆ ಮಾತ್ರ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಷ್ಟು ಚೆನ್ನಾಗಿ ಹೇಳುವವನು ತಾನಾಗಿ ನಿಲ್ಲಿಸಿದನೆಂದು ಒಪ್ಪಲು ಅವರ ಮನಸ್ಸು ಸಿದ್ಧವಿರಲಿಲ್ಲ.

ನನ್ನ ಎಣಿಕೆ ಬೇರೆ. ಕನ್ನಡದ ಹಿರಿಯ ಕವಿಗಳು ಭಾರತವನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸುವ ರೂಢಿಯನ್ನು ಮೊದಲೇ ಹಾಕಿದ್ದರು. 941ರ ಪಂಪ ಅರ್ಜುನನಿಗೆ ಪಟ್ಟ ಕಟ್ಟಿ ಮುಗಿಸಿದ. ಅವನ ಅರಿಕೇಸರಿಗೆ ಅದು ಒಪ್ಪುವಂಥದು. ಅದೇ ಶತಮಾನದ ಕೊನೆಗೆ ನಮ್ಮ ನೆರೆಯ ಮುಧೋಳದ ಸೀಮೆಯ ರನ್ನ, ಭೀಮನಿಗೆ ಪಟ್ಟ ಕಟ್ಟಿದ. ಕುಮಾರವ್ಯಾಸ ನ್ಯಾಯವಾಗಿ ಸಲ್ಲಬೇಕಾದ ಹಿರಿಯನಿಗೇ ಕೊಟ್ಟ. ಮೂವರು ಕವಿಗಳು, ಮೂವರು ಅಣ್ಣತಮ್ಮಂದಿರು. ಕಿರೀಟದ ತಲೆ ಬದಲಾಯಿತೇ ಹೊರತು ಕಿರೀಟದಾಚೆಗೆ ಇವರಲ್ಲಿ ಯಾರೂ ಕಾಲಿಡಲಿಲ್ಲ.

ಇನ್ನು ಎರಡನೆಯ ಭಾಗದ ಮಾತು. ವಿಜಯನಗರದ ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದನಷ್ಟೆ. ಅರ್ಧಕ್ಕೆ ನಿಂತ ಕನ್ನಡ ಭಾರತವನ್ನು ಪೂರ್ತಿ ಮಾಡಬೇಕೆಂದು ಅವನು ತಿಮ್ಮಣ್ಣಕವಿಗೆ ಅಪ್ಪಣೆ ಕೊಟ್ಟ. ತಿಮ್ಮಣ್ಣ ಶಾಂತಿಪರ್ವದಿಂದ ಹಿಡಿದು ಸ್ವರ್ಗಾರೋಹಣದವರೆಗೆ ಉಳಿದುದನ್ನೆಲ್ಲ ಅದೇ ಭಾಮಿನೀ ಷಟ್ಪದಿಯಲ್ಲಿ ಹಾಡಿ, ದೊರೆಯ ಹೆಸರಿನಿಂದ ‘ಕೃಷ್ಣರಾಯ ಭಾರತ’ವೆಂದು ಕರೆದ. ದೊರೆಯ ಆಶ್ರಯವುಂಟು, ವಸ್ತು ಭಾರತದ್ದು, ಧಾಟಿ ಜನರಿಗೆ ಬಾಯಿಪಾಠವಾದದ್ದು. ಇನ್ನೇನು ಬೇಕು?

ಆದರೂ ಓದುಗರು ಒಪ್ಪಲಿಲ್ಲ. ಒಪ್ಪಲಿಲ್ಲವೆಂದರೆ ಬೈದರೆಂದಲ್ಲ, ಸುಮ್ಮನೆ ಓದಲಿಲ್ಲ. ಪುಸ್ತಕಕ್ಕೆ ಅದಕ್ಕಿಂತ ಕಠಿಣವಾದ ವಿಮರ್ಶೆ ಬೇರೊಂದಿಲ್ಲ. ಗಮಕಿಗಳು ಕರ್ಣನ ಸಾವನ್ನು ಓದುತ್ತಾರೆ, ದ್ರೌಪದಿಯ ಮಾನಭಂಗವನ್ನು ಓದುತ್ತಾರೆ. ತಿಮ್ಮಣ್ಣನ ಪದ್ಯವನ್ನು ಸಭೆಯಲ್ಲಿ ಕೇಳಿದವರು ನಿಮ್ಮಲ್ಲಿ ಎಷ್ಟು ಜನ? ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ, ಮೈಸೂರು ಸರ್ಕಾರದ ಕಡೆಯಿಂದ 1958ರಲ್ಲಿ ಹೊರಬಂದು ಮನೆಮನೆಗೆ ಹೋದ ‘ಕರ್ಣಾಟ ಭಾರತ ಕಥಾಮಂಜರಿ’ಯೂ ಕುಮಾರವ್ಯಾಸನ ಹತ್ತು ಪರ್ವಗಳದ್ದೇ.

ತಿಮ್ಮಣ್ಣನ ಪಾಲಿಗೆ ಎರಡು ಕಷ್ಟಗಳಿದ್ದವು. ಅದೇ ಛಂದಸ್ಸನ್ನು ಹಿಡಿದದ್ದರಿಂದ ಪ್ರತಿ ಪದ್ಯದಲ್ಲಿಯೂ ಹೋಲಿಕೆ ತಪ್ಪದು. ಮಲ್ಲಿಕಾರ್ಜುನ ಮನಸೂರರು ಹಾಡಿ ಎದ್ದ ಮೇಲೆ ಅದೇ ರಾಗ, ಅದೇ ಶ್ರುತಿಯಲ್ಲಿ ಹಾಡಲು ಕುಳಿತವನ ಪಾಡನ್ನು ನೀವೇ ಊಹಿಸಿ. ಎರಡನೆಯದಾಗಿ, ಅವನ ಪಾಲಿಗೆ ಬಂದದ್ದು ಶಾಂತಿಪರ್ವ. ಮೂಲ ಭಾರತದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಬಾಣಗಳ ಮೇಲೆ ಮಲಗಿದ ಮುದುಕ ರಾಜಧರ್ಮ ಹೇಳುತ್ತಾನೆ, ಮೊಮ್ಮಗ ಕೈಕಟ್ಟಿ ಕೇಳುತ್ತಾನೆ. ಹತ್ತು ಪರ್ವಗಳ ಗದ್ದಲ ಕೇಳಿದ ಕಿವಿಗೆ ಉಪದೇಶ ಎಷ್ಟು ಹೊತ್ತು ಹಿಡಿಸೀತು?

ಹೀಗೆಂದು ಕನ್ನಡಿಗರಿಗೆ ಮುಂದಿನ ಕಥೆ ಬೇಡವಾಗಿತ್ತೆಂದಲ್ಲ. ಬೇಕಾಗಿತ್ತು. ಅವರು ಅದನ್ನು ಬೇರೆ ಕವಿಯ ಕೈಯಿಂದ ತೆಗೆದುಕೊಂಡರು. ಅವನೇ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ. ಅವನ ‘ಜೈಮಿನಿ ಭಾರತ’ ವ್ಯಾಸರ ಭಾರತದ ಉಳಿಕೆಯಲ್ಲ. ಜೈಮಿನಿಯ ಹೆಸರಿನಲ್ಲಿ ಸಂಸ್ಕೃತದಲ್ಲಿದ್ದ ಅಶ್ವಮೇಧದ ಕಥೆಯೊಂದೇ ಅದರ ವಸ್ತು. 34 ಸಂಧಿಗಳು, ಎರಡು ಸಾವಿರಕ್ಕೆ ತುಸು ಕಡಿಮೆ ಪದ್ಯಗಳು. ಯುದ್ಧ ಮುಗಿದಿದೆ, ಬಂಧುಗಳನ್ನು ಕೊಂದ ಧರ್ಮರಾಯನಿಗೆ ನೆಮ್ಮದಿಯಿಲ್ಲ, ಯಾಗದ ಕುದುರೆಯನ್ನು ಬಿಡುತ್ತಾರೆ, ಅರ್ಜುನ ಅದರ ಹಿಂದೆ ಹೊರಡುತ್ತಾನೆ. ಕುದುರೆ ಹೋದಲ್ಲೆಲ್ಲ ಹೊಸ ಊರು, ಹೊಸ ವೀರ, ಹೊಸ ಕಥೆ. ಲಕ್ಷ್ಮೀಶ ಭಾಮಿನಿಯನ್ನು ಮುಟ್ಟಲೇ ಇಲ್ಲ. ಇನ್ನೂ ಉದ್ದವಾದ, ತೂಗಿ ತೂಗಿ ನಡೆಯುವ ವಾರ್ಧಕ ಷಟ್ಪದಿಯನ್ನು ಹಿಡಿದು ಹೋಲಿಕೆಯಿಂದ ತಪ್ಪಿಸಿಕೊಂಡ. ಜಾಣ!

ಓದುಗರ ಮೆಚ್ಚಿಕೆಗೆ ಇಲ್ಲಿ ಸಾಕ್ಷಿ ಹುಡುಕಬೇಕಾಗಿಲ್ಲ. ಹಳೆಯ ಕೂಲಿಮಠಗಳಲ್ಲಿ ಹುಡುಗರು ಜೈಮಿನಿಯನ್ನು ಬಾಯಿಪಾಠ ಮಾಡಿದರು. ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿಗಳು 1848ರಿಂದ ಹೊರತಂದ ಕನ್ನಡ ಕಾವ್ಯಮಾಲೆಯಲ್ಲಿ ಅದು ಬಂತು. 1852ರಲ್ಲಿ ಬೆಂಗಳೂರಿನಲ್ಲಿ ಸ್ಯಾಂಡರ್ಸನ್ ಪಾದ್ರಿಗಳು ಇಂಗ್ಲಿಷ್ ಅನುವಾದ ಸಹಿತ ಅಚ್ಚು ಹಾಕಿಸಿದರು. ಅಕ್ಷರ ಬಾರದವರಿಗೆ ಯಕ್ಷಗಾನ, ಬಯಲಾಟಗಳು ಅದನ್ನು ಮುಟ್ಟಿಸಿದವು: ಸುಧನ್ವನ ಕಾಳಗ, ಬಭ್ರುವಾಹನನ ಕಾಳಗ, ಪ್ರಮೀಳೆಯ ಕಥೆ, ಚಂದ್ರಹಾಸನ ಕಥೆ. ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ನಿಂತ ಸುಧನ್ವನನ್ನು ಊರ ಬಯಲಲ್ಲಿ ಬೆಳಗಿನ ಜಾವದವರೆಗೆ ನೋಡಿದವರಿಗೆ ಲಕ್ಷ್ಮೀಶನ ಹೆಸರು ತಿಳಿಯದಿದ್ದೀತು. ಕಥೆ ಮಾತ್ರ ಅವರದೇ. ಚಂದ್ರಹಾಸ ಬೆಳೆದದ್ದು ಕುಂತಳದಲ್ಲಿ. ನಮ್ಮ ಈ ಸೀಮೆಯ ಹಳೆಯ ಹೆಸರೂ ಅದೇ ಅಲ್ಲವೆ? ‘ವಿಷ’ವೆಂದು ಬರೆದ ಓಲೆಯನ್ನು ಹುಡುಗಿ ‘ವಿಷಯೆ’ ಎಂದು ತಿದ್ದಿ ಗಂಡನನ್ನು ಗಳಿಸಿದ ಕಥೆಯನ್ನು ಕೇಳಿದ ಯಾವ ಮಗು ತಾನೆ ಮರೆತೀತು?

ಬೆಳಗಾವಿ, ಖಾನಾಪುರದ ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ಒಂದೇ ಓಣಿಯಲ್ಲಿ ಒಂದು ಮನೆಯ ಪೋಥಿ ಕನ್ನಡದ್ದು, ಪಕ್ಕದ ಮನೆಯದು ಮರಾಠಿಯದು. ಮರಾಠಿಯ ಶ್ರೀಧರ ಕವಿ 1712ರಲ್ಲಿ ‘ಪಾಂಡವಪ್ರತಾಪ’ವೆಂದು ಭಾರತದ ಕಥೆಯನ್ನು ಹೇಳಿದ. ಅಷ್ಟಕ್ಕೆ ಮುಗಿಯಲಿಲ್ಲ, ಮೂರು ವರ್ಷಗಳ ಮೇಲೆ, 1715ರಲ್ಲಿ, ಅದೇ ಕವಿ ‘ಜೈಮಿನಿ ಅಶ್ವಮೇಧ’ವನ್ನೂ ಬರೆದ. ಭಾರತ ಕೇಳಿ ಎದ್ದವರಿಗೆ ಕುದುರೆಯ ಕಥೆಯೂ ಬೇಕೆನ್ನಿಸುವುದು ಕನ್ನಡಿಗರೊಬ್ಬರ ಚಪಲವಲ್ಲವೆಂದು ಇದರಿಂದ ತಿಳಿಯುತ್ತದೆ. ಭಾಷೆಯ ವಿಷಯಕ್ಕೆ ಎಷ್ಟೇ ಜಗಳವಾಡಿರಲಿ, ಎರಡನೆಯ ಭಾಗದ ವಿಷಯದಲ್ಲಿ ಎರಡೂ ಮನೆಯವರ ಅಭಿರುಚಿ ಒಂದೇ ಆಗಿತ್ತು.

ಹಾಗಾದರೆ ಲಕ್ಷ್ಮೀಶ ಕೊಟ್ಟದ್ದೇನು, ತಿಮ್ಮಣ್ಣ ಕೊಡದೆ ಹೋದದ್ದೇನು? ಉಪಮೆಗಳ ಸೊಗಸು, ನಡೆಯ ಇಂಪು, ಇವು ಎಲ್ಲರೂ ಹೇಳಿದ ಮಾತು, ನಿಜವೂ ಹೌದು. ನನಗೆ ತೋರುವುದು ಬೇರೊಂದು. ಕುರುಕ್ಷೇತ್ರದಲ್ಲಿ ಅಣ್ಣ ತಮ್ಮನನ್ನು ಕೊಂದ, ಶಿಷ್ಯ ಗುರುವನ್ನು ಕೊಂದ. ಸತ್ತವರು ಸತ್ತೇ ಹೋದರು. ಜೈಮಿನಿಯಲ್ಲಿ ಹಾಗಲ್ಲ. ಮಣಿಪುರದಲ್ಲಿ ಬಭ್ರುವಾಹನ ತಂದೆಯೆಂದು ನಮಸ್ಕರಿಸಲು ಬಂದಾಗ ಅರ್ಜುನ ಹಳಿದು ಒದೆಯುತ್ತಾನೆ. ಮಗ ಬಿಲ್ಲು ಹಿಡಿದು ತಂದೆಯ ತಲೆಯನ್ನೇ ಉರುಳಿಸುತ್ತಾನೆ. ಆಮೇಲೆ ಪಾತಾಳದಿಂದ ಮಣಿ ಬರುತ್ತದೆ, ತಂದೆ ಏಳುತ್ತಾನೆ, ಮಗನನ್ನು ಅಪ್ಪಿಕೊಳ್ಳುತ್ತಾನೆ. ಮಯೂರಧ್ವಜನ ದೇಹವನ್ನು ಗರಗಸದಿಂದ ಸೀಳುತ್ತಾರೆ. ಅದೂ ಮತ್ತೆ ಕೂಡುತ್ತದೆ. ಎಲ್ಲರೂ ಬದುಕುತ್ತಾರೆಂದಲ್ಲ, ಸುಧನ್ವ ಬದುಕಲಿಲ್ಲ. ಆದರೆ ಕಾದಾಡಿದ ಅರಸರು ಕಡೆಗೆ ನೆಂಟರಂತೆ ಹಸ್ತಿನಾವತಿಯ ಯಾಗಕ್ಕೆ ಬಂದು ಕೂಡುತ್ತಾರೆ. ಹತ್ತು ಪರ್ವಗಳ ಕೊಲೆಯನ್ನು ಕೇಳಿ ಕುಳಿತವರಿಗೆ ಇಂಥ ಎರಡನೆಯ ಭಾಗ ಬೇಕಾಗಿತ್ತು. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ರಾಮಕಥೆಗೂ ಇಂಥದೇ ಒಂದು ಮುಂದಿನ ಭಾಗ ಕನ್ನಡದಲ್ಲುಂಟು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದು 1901ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ ಮುದ್ದಣನ ‘ಶ್ರೀರಾಮಾಶ್ವಮೇಧ’. ಪಟ್ಟಾಭಿಷೇಕದ ಆಚೆಯ ಕಥೆ, ಇಲ್ಲಿಯೂ ಕುದುರೆ. ಮಳೆಗಾಲದ ಒಂದು ದಿನ ಮನೋರಮೆ ಗಂಡನ ಎದುರಿಗೆ ಕುಳಿತು, ಯಾವ ಕಥೆ ಬೇಕು, ಹೇಗೆ ಹೇಳಬೇಕು, ಪದ್ಯ ಏಕೆ ಬೇಡ, ಸಂಸ್ಕೃತದ ಭಾರ ಎಷ್ಟಿರಬೇಕು ಎಂದೆಲ್ಲ ವಿಧಿಸುತ್ತಾಳೆ. ಬೇಸರ ಬಂದಲ್ಲಿ ಬೇಸರವೆಂದೇ ಹೇಳುತ್ತಾಳೆ. ಓದುಗರ ಅಭಿಪ್ರಾಯವನ್ನು ಕಾವ್ಯದ ಒಳಗೇ ಕುಳ್ಳಿರಿಸಿದ ಧೈರ್ಯ ಮುದ್ದಣನದು. ಇಂದಿಗೂ ಆ ಪುಸ್ತಕದಲ್ಲಿ ಜನ ಹುಡುಕಿ ಓದುವುದು ರಾಮನ ಕುದುರೆಯನ್ನಲ್ಲ, ಮನೋರಮೆಯ ತಕರಾರನ್ನು. ತಿಮ್ಮಣ್ಣನಿಗೆ ಅಪ್ಪಣೆ ಕೊಡಲು ಚಕ್ರವರ್ತಿ ಇದ್ದ. ಎದುರಿಗೆ ಕುಳಿತು ಆಕಳಿಸುವ ಮನೋರಮೆ ಇರಲಿಲ್ಲ.

ಆದರೂ ತಿಮ್ಮಣ್ಣನನ್ನು ಹೀಗೇ ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ. ನಾವು ಅವನನ್ನು ಓದದೆ ಬಿಟ್ಟದ್ದರಿಂದ ಭಾರತದ ಕೊನೆಯನ್ನು ಕನ್ನಡ ಷಟ್ಪದಿಯಲ್ಲಿ ಕೇಳುವ ರೂಢಿಯೇ ನಮಗಿಲ್ಲವಾಯಿತು. ಗೆದ್ದವರ ಮನೆಯಲ್ಲಿ ಇರಲಾರದೆ ಧೃತರಾಷ್ಟ್ರ ಗಾಂಧಾರಿಯರು ಕಾಡಿಗೆ ಹೋಗುತ್ತಾರೆ; ಮಕ್ಕಳು ಪಟ್ಟದಲ್ಲಿರುವಾಗಲೇ ಕುಂತಿಯೂ ಅವರ ಹಿಂದೆ ನಡೆಯುತ್ತಾಳೆ; ಮೂವರೂ ಕಾಳ್ಗಿಚ್ಚಿನಲ್ಲಿ ಸಾಯುತ್ತಾರೆ. ಕೃಷ್ಣನ ಬಳಗ ಹುಲ್ಲುಕಡ್ಡಿಯಿಂದ ಬಡಿದಾಡಿ ನಾಶವಾಗುತ್ತದೆ. ಕೃಷ್ಣನೂ ಬೇಡನ ಬಾಣಕ್ಕೆ ಸಿಕ್ಕುತ್ತಾನೆ. ದ್ವಾರಕೆಯ ಹೆಂಗಸರನ್ನು ಕರೆತರುವ ಅರ್ಜುನನಿಗೆ ದಾರಿಯಲ್ಲಿ ದನಗಾಹಿ ಕಳ್ಳರು ಅಡ್ಡ ಬಂದಾಗ ಗಾಂಡೀವವನ್ನು ಹೆದೆಯೇರಿಸುವುದೇ ಕಷ್ಟವಾಗುತ್ತದೆ. ಜೈಮಿನಿಯ ಅರ್ಜುನನನ್ನು ಮಣಿ ಬದುಕಿಸಿತು. ಈ ಅರ್ಜುನನಿಗೆ ಮಣಿಯಿಲ್ಲ.

ಇದನ್ನೆಲ್ಲ ಮೂಲದಿಂದಲೋ ಗದ್ಯದ ಅನುವಾದಗಳಿಂದಲೋ ನಾವು ತಿಳಿದೆವು. ಗಮಕಿಯ ಕಂಠದಿಂದ, ಹತ್ತು ಮಂದಿ ಕೂಡಿ ಕುಳಿತು, ಕೇಳಲಿಲ್ಲ. ಕರ್ಣನಿಗಾಗಿ ಸಭೆಯಲ್ಲಿ ಕಣ್ಣೊರೆಸಿಕೊಂಡವರು ಕುಂತಿಯ ಸಾವಿಗೆ ಹಾಗೆ ಕೂಡಿ ಅತ್ತ ನೆನಪಿಲ್ಲ. ತಿಮ್ಮಣ್ಣನ ಶಾಂತಿಪರ್ವವನ್ನು ಬಿಟ್ಟರೂ ಬಿಡಲಿ. ಕೊನೆಯ ಪರ್ವಗಳಿಂದ ಒಂದು ನೂರು ಪದ್ಯಗಳನ್ನು ಆರಿಸಿ ಒಬ್ಬ ಒಳ್ಳೆಯ ಗಮಕಿಯ ಕೈಗೆ ಕೊಟ್ಟರೆ ಹೇಗಾದೀತೆಂದು ನನಗೆ ಬಹಳ ದಿನದಿಂದ ಆಸೆ. ಓದಿಸುವವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ, ಪಟ್ಟಾಭಿಷೇಕದ ಮಂಗಳಾರತಿಯಾದ ಮರುದಿನವೂ ಜಮಖಾನೆ ಹಾಸಿರಲು ಹೇಳಿ.